ಲೇಸರಿಗೆ ಅಡ್ಡ ಬಂದ ಬೈರಾಸು

ಬಂಟ್ವಾಳದಲ್ಲಿ ಅಂಗಡಿಗಳಿಗೆ ಕ್ಯಾಮೆರಾ ಕೂರಿಸಿ ಹೊಟ್ಟೆ ಹೊರೆಯುವ ನನ್ನನ್ನು ಕಂಬಳದವರು ಕರೆಸಿದ್ದು ನನ್ನ ಮೇಲಿನ ಪ್ರೀತಿಯಿಂದಲ್ಲ, ಜಗಳ ತಾಳಲಾರದೆ. ಎರಡು ಕೆಸರು ಓಣಿಗಳಲ್ಲಿ ಎರಡು ಜೋಡಿ ಕೋಣ ನೀರು ಹಾರಿಸುತ್ತ ಒಟ್ಟಿಗೆ ಬಂದರೆ ಯಾವುದರ ಮೂತಿ ಮುಂದೆ ಎಂದು ತೀರ್ಪುಗಾರ ಕಣ್ಣಳತೆಯಲ್ಲೇ ಹೇಳಬೇಕಿತ್ತು. ಅವನು ಏನು ಹೇಳಿದರೂ ಸೋತವರ ಬಾಯಲ್ಲಿ ಅವನ ಮೂರು ತಲೆಮಾರು ಬಂದು ಹೋಗುತ್ತಿತ್ತು. ನಾನು ಲೇಸರ್ ಕೂರಿಸಿದ ಮೇಲೆ ಎಲ್ಲರೂ ತೆಪ್ಪಗಾದರು. ದೈವ ನುಡಿಕೊಟ್ಟರೂ ಎದುರು ಮಾತಾಡುವ ನಮ್ಮವರು ಬೆರಳುದ್ದದ ಪೆಟ್ಟಿಗೆಗೆ ತಲೆಬಾಗಿದರು.

ಕೆಲಸ ಸರಳ. ಓಟ ಮುಗಿಯುವಲ್ಲಿ, ಕೋಣದ ಎದೆಯ ಎತ್ತರಕ್ಕೆ, ಪ್ರತಿ ಓಣಿಗೂ ಅಡ್ಡಲಾಗಿ ಒಂದು ಕೆಂಪು ಬೆಳಕಿನ ಗೆರೆ. ಗೆರೆ ತುಂಡಾದ ಕ್ಷಣ ಆ ಓಣಿಯ ಗಡಿಯಾರ ನಿಲ್ಲುತ್ತದೆ. ಯಾರಾದರೂ ತಕರಾರು ಎತ್ತಿದರೆ ಮಾತ್ರ ಕ್ಯಾಮೆರಾ ನೋಡುವುದು. ಗೆರೆಯ ಹತ್ತಿರ ಯಾರೂ ಬರದಂತೆ ಹಗ್ಗ ಕಟ್ಟುತ್ತೇನೆ.

ಬೆಳ್ತಂಗಡಿ ಕಡೆಯ ಒಂದು ಕಂಬಳದಲ್ಲಿ ಹಗ್ಗದೊಳಗೆ ಬಂದು ನಿಂತದ್ದು ನನ್ನ ಸೋದರಮಾವ. ಬೆಳುವಾಯಿಯ ಅವರ ಮನೆಯಲ್ಲೇ ನಾನು ಬೆಳೆದದ್ದು. ಅಲ್ಲಿ ನಮಗೆ ಗಂಜಿ, ಕೋಣಗಳಿಗೆ ಬೇಯಿಸಿದ ಹುರುಳಿ. ನಮಗೆ ಬೀಸಣಿಗೆ, ಕೋಣಗಳಿಗೆ ಫ್ಯಾನು. ಇಷ್ಟು ಉಪಚಾರ ಮಾಡಿದರೂ ಮಾವನ ಜೋಡಿ ಒಮ್ಮೆಯೂ ಫೈನಲ್ ಗೆದ್ದಿರಲಿಲ್ಲ. ಈ ಸಲ ಫೈನಲಿಗೆ ಬಂದಿತ್ತು. ದೊಡ್ಡ ಕೋಣಕ್ಕೆ ವಯಸ್ಸಾಗಿದ್ದರಿಂದ ಇದೇ ಅದರ ಕೊನೆಯ ಓಟ. ಮಾವನಿಗೆ ಆಚೆ ಹೋಗಿ ಎನ್ನುವ ಗಂಡು ನಮ್ಮ ಕುಟುಂಬದಲ್ಲಿ ಇನ್ನೂ ಹುಟ್ಟಿಲ್ಲ. ನಾನೂ ಹೇಳಲಿಲ್ಲ.

ಬೆಳಿಗ್ಗೆ ಫೈನಲ್. ಕೋಣಗಳು ಹತ್ತಿರವಾಗುತ್ತಿದ್ದಂತೆ ಮಾವನಿಗೆ ಮೈಮೇಲೆ ಬಂದಂತಾಯಿತು. ಹೆಗಲ ಮೇಲಿನ ಬೈರಾಸನ್ನು, ಬಿಳಿ ಟವೆಲನ್ನು, ಎಳೆದು ಬೀಸಿ ಬೀಸಿ ಕೋಣಗಳನ್ನು ಹುರಿದುಂಬಿಸಿದರು. ಅದರ ತುದಿ ತಮ್ಮದೇ ಓಣಿಯ ಗೆರೆಯನ್ನು ತುಂಡು ಮಾಡಿದ್ದನ್ನು ನಾನು ಕಂಡೆ. ಕೋಣಗಳು ಇನ್ನೂ ಗೆರೆ ಮುಟ್ಟಿರಲಿಲ್ಲ. ಸಮಯ ತೋರಿಸುವ ಬೋರ್ಡಿನಲ್ಲಿ ಮಾವನ ಜೋಡಿ ಕೂದಲೆಳೆಯಷ್ಟು ಮುಂದೆ. ಕಂಬಳದ ಚರಿತ್ರೆಯಲ್ಲಿ ಒಂದು ಬೈರಾಸು ಓಟ ಗೆದ್ದದ್ದು ಬಹುಶಃ ಅದೇ ಮೊದಲು.

ಬ್ಯಾಂಡಿನವರು ಶುರುಹಚ್ಚಿಕೊಂಡರು. ಎದುರು ಪಕ್ಷದವರು ಮುಖ ಸಣ್ಣ ಮಾಡಿಕೊಂಡರೇ ಹೊರತು ತಕರಾರು ಎತ್ತಲಿಲ್ಲ. ಲೇಸರ್ ಸುಳ್ಳು ಹೇಳುತ್ತದೆಯೇ? ಮಾವ ದೊಡ್ಡ ಕೋಣದ ಕುತ್ತಿಗೆ ಅಪ್ಪಿಕೊಂಡು ಅಳುತ್ತಿದ್ದರು. ಒಡಹುಟ್ಟಿದ ಅಕ್ಕ, ಅಂದರೆ ನನ್ನ ಅಮ್ಮ, ತೀರಿಕೊಂಡಾಗಲೂ ಅವರು ಹೀಗೆ ಅತ್ತಿರಲಿಲ್ಲ. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಉಂಡ ಮನೆಯ ಜಂತಿ ಎಣಿಸಿದ ಎಂದು ನೆಂಟರ ಬಾಯಿಗೆ ಬೀಳುವುದೂ ತಪ್ಪುತ್ತದೆ. ನಾನೇನು ಸತ್ಯಸಂಧನಲ್ಲ, ಮೂರು ಕ್ಯಾಮೆರಾ ಸಾಕಾಗುವ ಅಂಗಡಿಗೆ ಐದು ಕೂರಿಸಿದವನು. ಆದರೆ ಸೋತ ಜೋಡಿಯನ್ನು ಓಡಿಸಿದವನು ಕೆಸರಿನಲ್ಲೇ ಕೂತು ತನ್ನ ಕಾಲುಗಳನ್ನು ಬೈದುಕೊಳ್ಳುತ್ತಿದ್ದ. ಅದನ್ನು ನೋಡಲಾಗಲಿಲ್ಲ.

ತೀರ್ಪುಗಾರರ ಬಳಿ ಹೋಗಿ, ಒಮ್ಮೆ ಕ್ಯಾಮೆರಾ ನೋಡುವ ಎಂದೆ. ನೋಡಿದರು. ಎದುರಿನ ಜೋಡಿ ಒಂದು ಮೂತಿಯಷ್ಟು ಮುಂದಿತ್ತು. ಮೈಕಿನವನು ತನ್ನ ಮಾತನ್ನು ತಾನೇ ನುಂಗಿಕೊಂಡ. ಬ್ಯಾಂಡು ಆಚೆ ಓಣಿಗೆ ಹೋಯಿತು.

ಮಾವ ಕೋಣಗಳನ್ನು ಲಾರಿಯ ಹತ್ತಿರ ಕರೆದೊಯ್ದು ಮೈ ತೊಳೆಯತೊಡಗಿದರು. ನಾನು ಹೋಗಿ ನಿಂತೆ. ಹೊಡೆಯುತ್ತಾರೆ ಎಂದೇ ಅಂದುಕೊಂಡಿದ್ದೆ, ಹೊಡೆದಿದ್ದರೆ ಸುಲಭವಿತ್ತು. ಎರಡು ಕೊಡ ನೀರು ಮುಗಿದ ಮೇಲೆ, ನನ್ನ ಕಡೆ ನೋಡದೆ ಹೇಳಿದರು:

"ನೀನು ಹೇಳದಿದ್ರೆ ನಾನೇ ಹೋಗಿ ಹೇಳ್ತಿದ್ದೆ ಅಂತ ಹೇಳ್ಲಿಕ್ಕೆ ಆಸೆ ಉಂಟು ಮಾರಾಯ. ಆ ಕೆಂಪು ಚುಕ್ಕಿ ಬೈರಾಸಿನ ಮೇಲೆ ಬಿದ್ದದ್ದು ನಾನೂ ನೋಡಿದ್ದೇನೆ. ನಾನು ಹೇಳ್ತಿರ್ಲಿಲ್ಲ."