ಹುಲ್ಲಿಗೆ ರಜೆ ಕೊಡಿಸಿದ ಬೇಲಿಯಕ್ಕ

ಬೆಳಗಿನ ಐದೂಮುಕ್ಕಾಲು. ಇಬ್ಬನಿಗೆ ಮೊಣಕಾಲಿನವರೆಗೂ ತೊಯ್ದ ಹೆಂಗಸೊಬ್ಬರು ಕೈಯಲ್ಲಿ ತಂತಿಯ ಸುರುಳಿ, ಕಂಕುಳಲ್ಲಿ ಹನ್ನೆರಡು ಗೂಟ ಹಿಡಿದು ಹುಲ್ಲುಗಾವಲಿನಲ್ಲಿ ನಡೆಯುತ್ತಿದ್ದಾರೆ. ಹತ್ತು ಹೆಜ್ಜೆಗೊಂದು ಗೂಟ. ತಂತಿಯಾಚೆ ಅರವತ್ತೆರಡು ಹಸುಗಳು ಬಸ್ಸಿಗೆ ಕಾದವರಂತೆ ಒಂದನ್ನೊಂದು ತಳ್ಳುತ್ತಿವೆ. "ತಡೀರೇ, ನಿಮ್ಮ ಪಾಲು ಯಾರೂ ಹೊತ್ಕೊಂಡು ಹೋಗಲ್ಲ!" ಎಂದು ಗದರುತ್ತಲೇ ಕೊನೆಯ ಗೂಟ ಊರಿ, ಹಳೆಯ ತಂತಿ ಕಳಚುತ್ತಾರೆ. ಅರವತ್ತೆರಡು ತಲೆ ಬಾಗುತ್ತವೆ. ಆಮೇಲೆ ಕೇಳುವುದು ಹುಲ್ಲು ಹರಿಯುವ ಸದ್ದು ಮಾತ್ರ.

ಈ ಡೇರಿಯಲ್ಲಿ ಎಲ್ಲರಿಗೂ ಅವರು ಬೇಲಿಯಕ್ಕ. ವಯಸ್ಸು ಐವತ್ತೆಂಟು. ಗಾವಲನ್ನು ಮೂವತ್ತು ಪಟ್ಟಿಗಳಾಗಿ ಪಾಲು ಮಾಡಿ, ದಿನಕ್ಕೊಂದರಲ್ಲಿ ಹಸು ಬಿಟ್ಟು, ಉಳಿದ ಇಪ್ಪತ್ತೊಂಬತ್ತಕ್ಕೆ ವಿಶ್ರಾಂತಿ ಕೊಡುವುದು ಅವರ ಕೆಲಸ. ಚಿಗುರು ನಿಧಾನವಾದ ತಿಂಗಳುಗಳಲ್ಲಿ ಕೊಟ್ಟಿಗೆಯಲ್ಲೇ ಒಣಹುಲ್ಲು ಹಾಕಿ ಆ ರಜೆಯನ್ನು ನಲವತ್ತೈದು ದಿನಕ್ಕೆ ಎಳೆಯುತ್ತಾರೆ. ಅಳತೆಗೋಲು ಕಾಲಲ್ಲೇ ಇದೆ. "ಹುಲ್ಲು ಅರ್ಧ ಬೂಟು ಮುಚ್ಚಿದ್ರೆ ಹಸು ಒಳಗೆ. ಬೂಟಿನ ತುದಿ ಕಂಡ್ರೆ ಹಸು ಹೊರಗೆ. ಅಷ್ಟೇ ನನ್ನ ವಿದ್ಯೆ."

ಹದಿನಾರು ವರ್ಷದ ಹಿಂದೆ ಹಾಲು ಕರೆಯಲು ಬಂದವರು ಅವರು. ಗಂಡ ಇಲ್ಲೇ ಟ್ರ್ಯಾಕ್ಟರ್ ಚಾಲಕ. ಆಗ ಹಸುಗಳು ಇಡೀ ಗಾವಲಲ್ಲಿ ಮನಸೋ ಇಚ್ಛೆ ಅಲೆಯುತ್ತಿದ್ದವು. ಚಿಗುರಿದ್ದನ್ನು ಚಿಗುರಿದ ದಿನವೇ ಕಚ್ಚುತ್ತಿದ್ದವು. ಉಳಿದದ್ದು ಕೆಸರು, ಮುಳ್ಳುಗಿಡ. ಹಸುಗಳ ಪಕ್ಕೆಲುಬು ಕಾಣತೊಡಗಿದಾಗ ಮಾಲೀಕರು ಇಪ್ಪತ್ತನ್ನು ಮಾರಲು ನಿರ್ಧರಿಸಿದರು. ಕರು ನೋಡಲು ಬಂದಿದ್ದ ಪಶುವೈದ್ಯರು ನೆಲ ನೋಡಿ, "ಹುಲ್ಲಿಗೆ ಉಸಿರಾಡೋಕೇ ಬಿಟ್ಟಿಲ್ವಲ್ಲಮ್ಮ ನೀವು" ಎಂದರಂತೆ. ಆ ಮಾತು ಇವರ ತಲೆ ಹೊಕ್ಕಿತು. ಮಾಲೀಕರನ್ನು ಕಾಡಿ ಬೇಡಿ ಒಂದು ಮೂಲೆ ಕೇಳಿ ಪಡೆದು, ಸುತ್ತ ಹಗ್ಗ ಕಟ್ಟಿ ದಿನ ಎಣಿಸತೊಡಗಿದರು.

ಇಪ್ಪತ್ತನೇ ದಿನ ಮಾಲೀಕರ ಅಣ್ಣ, ಕಣ್ಣೆದುರು ಹುಲ್ಲಿಟ್ಟುಕೊಂಡು ಹಸುಗಳಿಗೆ ಉಪವಾಸವೇ ಎಂದು ಹಗ್ಗ ಬಿಚ್ಚಿಬಿಟ್ಟರು. ಬೇಲಿಯಕ್ಕ ಹಾಲು ಕರೆದು ಬರುವಷ್ಟರಲ್ಲಿ ಮೂಲೆ ಬೋಳು.

"ದೊಡ್ಡವರು, ಬೈಯೋಕೆ ಬಾಯಿ ಬರ್ಲಿಲ್ಲ. ಒಂದೊಂದನ್ನೇ ಹೊರಗೆ ಅಟ್ಟಿದೆ. ಕೊಟ್ಟಿಗೆ ಹಿಂದೆ ನಿಂತು ಅತ್ತೆ. ಆಮೇಲೆ ಹಗ್ಗ ಕಟ್ಟಿ ಮತ್ತೆ 'ಒಂದು' ಅಂತ ಎಣಿಸೋಕೆ ಶುರು ಮಾಡಿದೆ."

ಈ ಸಲ ಗಂಡ ಟ್ರ್ಯಾಕ್ಟರನ್ನೇ ಆ ಮೂಲೆಯ ದಾರಿಗೆ ಅಡ್ಡ ನಿಲ್ಲಿಸಿ ಕೀಲಿಕೈ ಜೇಬಿಗೆ ಹಾಕಿಕೊಂಡರು. ಮೂವತ್ತೈದನೇ ದಿನ ಮಾಲೀಕರು ಅಲ್ಲಿ ಒಂದು ಹಿಡಿ ಹುಲ್ಲನ್ನು ಮಣ್ಣು ಸಮೇತ ಅಗೆದು ನೋಡಿದರು. ಬೇರು ಗೇಣುದ್ದ ಇಳಿದಿತ್ತು. ಮಾರಾಟದ ಮಾತು ಮುಂದಕ್ಕೆ ಹೋಯಿತು. ಆಮೇಲೆ ಯಾರೂ ಎತ್ತಲಿಲ್ಲ. ಇಡೀ ಗಾವಲಿಗೆ ತಂತಿ ಹರಡಲು ಮೂರು ವರ್ಷ ಹಿಡಿಯಿತು. ಈಗ ಒಂದು ದಿನ ಮುಂಚೆ ತಂತಿ ತೆಗೆದರೂ ಮೊದಲು ಕೂಗಾಡುವವರು ಆ ಅಣ್ಣನೇ.

ದಿನಕ್ಕೆ ಏಳು ಕಿಲೋಮೀಟರು ನಡಿಗೆ. ಎಡ ಮೊಣಕಾಲು ಸದ್ದು ಮಾಡುತ್ತದೆ. ಹಸು ದಾಟದಂತೆ ತಂತಿಗೆ ಹರಿಸುವ ಸಣ್ಣ ಕರೆಂಟು ವಾರಕ್ಕೊಮ್ಮೆಯಾದರೂ ಚುರುಕು ಮುಟ್ಟಿಸುತ್ತದೆ. ಮಗಳು ನಗುತ್ತಾಳೆ: "ಮನೇಲೂ ಅಷ್ಟೇ, ಸೋಫಾದ ಒಂದೇ ಮೂಲೇಲಿ ಎರಡು ದಿನ ಕೂತ್ರೆ ಅಮ್ಮ ಎಬ್ಬಿಸ್ತಾಳೆ."

ಲೆಕ್ಕಕ್ಕೆ ಸೇರದ ಮೂವತ್ತೊಂದನೇ ಪಟ್ಟಿಯೊಂದು ಇಳಿಜಾರಿನಲ್ಲಿದೆ. ಬರೀ ಕಲ್ಲು. ಎರಡು ವರ್ಷದಿಂದ ಅಲ್ಲಿ ಒಂದು ಗೊರಸೂ ಬಿದ್ದಿಲ್ಲ. ಬೇಲಿಯಕ್ಕ ಕುಕ್ಕರಗಾಲಲ್ಲಿ ಕೂತು ಕಲ್ಲುಗಳ ನಡುವಿನ ಎಳೆ ಹಸಿರನ್ನು ಅಂಗೈಯಿಂದ ಸವರುತ್ತಾರೆ.

"ಇನ್ನೊಂದು ವರ್ಷ ಬೇಕು ಇದಕ್ಕೆ. ಆಮೇಲೆ ಒಂದೇ ಒಂದು ದಿನ ಹಸು ಇಲ್ಲಿ ಮೇಯೋದು ನೋಡ್ಬೇಕು. ಆವತ್ತು ತಂತಿ ನಾನೇ ತೆಗೀತೀನಿ. ಬೇರೆಯವರು ಮುಟ್ಟಿದ್ರೆ ಜಗಳ ಆಗುತ್ತೆ, ಅದನ್ನೂ ಬರ್ಕೊಳ್ಳಿ."