ಮರುಭೂಮಿಯಲ್ಲಿ ಬಳ್ಳಾರಿ ಜಾಲಿ ಕಡಿದ ಆಂಟಿ

ಹೋದ ತಿಂಗಳು ಇಲ್ಲಿ ಮೆಲ್ಬರ್ನ್‌ನ ಟಾರ್ನೀಟ್ ಬಡಾವಣೆಯ ಪೆಟ್ರೋಲ್ ಬಂಕಿನಲ್ಲಿ ಮಗನ ಗಾಡಿಗೆ ಡೀಸೆಲ್ ಹಾಕುವಾಗ ಕೈ ಜಾರಿ ಅಂಗೈ ತುಂಬ ಚೆಲ್ಲಿಕೊಂಡೆ. ಮನೆಗೆ ಬಂದು ಎರಡು ಸಲ ಸೋಪು ಹಚ್ಚಿ ತೊಳೆದರೂ ವಾಸನೆ ಹೋಗಲಿಲ್ಲ. ಊಟಕ್ಕೆ ಕೂತಾಗ ಮೊದಲ ತುತ್ತಿನ ಜೊತೆಗೇ ಅದು ಮೂಗಿಗೆ ಬಂತು. ಅದರ ಹಿಂದೆಯೇ ಆಂಟಿ ನೆನಪಾದರು...

ತೊಂಬತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಸಿಡ್ನಿಗೆ ಬಂದು ಪ್ಯಾರಮಟ್ಟಾದ ಒಂದು ಫ್ಲ್ಯಾಟ್‌ನಲ್ಲಿದ್ದೆವು. ಬೆಳಿಗ್ಗೆ ಗಂಡ ನಾರ್ತ್ ಸಿಡ್ನಿಯ ಆಫೀಸಿಗೆ ಟ್ರೇನ್ ಹಿಡಿಯಲು ಹೊರಟ ಮೇಲೆ ನಾನು ಅರ್ಜಿ ಬರೆಯುತ್ತ ಕೂರುತ್ತಿದ್ದೆ. ಆಗ ಇದ್ದವರೇ ಕೆಲಸ ಕಳೆದುಕೊಳ್ಳುತ್ತಿದ್ದ ಕಾಲ. ಮೈಸೂರಿನ ಕೆಮಿಸ್ಟ್ರಿ ಎಂ.ಎಸ್ಸಿ. ಯಾರಿಗೂ ಬೇಕಿರಲಿಲ್ಲ. ಬಂದ ಉತ್ತರಗಳಲ್ಲೆಲ್ಲ ಒಂದೇ ಮಾತು, ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲ.

ಮೇಲಿನ ಮನೆಯಲ್ಲಿದ್ದವರು ಆಂಟಿ. ಬಳ್ಳಾರಿ ಕಡೆಯವರು, ಅಲ್ಲಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದವರು. ಡಾಕ್ಟರ್ ಗಂಡನ ಜೊತೆ ಬಂದು ಬಹಳ ವರ್ಷ ಮರುಭೂಮಿಯ ಅಂಚಿನ ಸಣ್ಣ ಊರೊಂದರಲ್ಲಿದ್ದರು. ಗಂಡ ತೀರಿಕೊಂಡ ಮೇಲೆ ಸಿಡ್ನಿಗೆ ಬಂದರೂ ವರ್ಷಕ್ಕೊಮ್ಮೆ ಆ ಕಡೆಗೆ ಹೋಗಿ, ಹೊರಗಿನಿಂದ ಬಂದು ಹಬ್ಬಿದ ಮುಳ್ಳುಮರಗಳನ್ನು ತೆಗೆಯುವ ತಂಡವೊಂದನ್ನು ನಡೆಸುತ್ತಿದ್ದರು. ಆಗ ಅವರಿಗೆ ಐವತ್ತಾರೋ ಐವತ್ತೇಳೋ.

ಒಂದು ದಿನ ಮೊಸರಿಗೆ ಹೆಪ್ಪು ಕೇಳಲು ಬಂದವರು ಮೇಜಿನ ಮೇಲಿದ್ದ ಕಾಗದಗಳನ್ನೂ ನನ್ನ ಮುಖವನ್ನೂ ನೋಡಿದರು.

"ಇಲ್ಲಿ ಕೂತು ಅಳೋ ಬದ್ಲು ನನ್ ಜೊತೆ ಬಾರಮ್ಮ. ಐದು ವಾರ. ಕೆಲ್ಸ ಕಷ್ಟ ಇದೆ, ಮೊದ್ಲೇ ಹೇಳಿರ್ತೀನಿ."

ಎಂ.ಎಸ್ಸಿ. ಓದಿ ಮರ ಕಡಿಯುವುದೇ ಎಂದು ಗಂಡ ಕೇಳಿದರು. ಅದಕ್ಕೇ ಇರಬೇಕು, ನಾನು ಹೊರಟೇಬಿಟ್ಟೆ.

ಬಸ್ಸಿನಲ್ಲಿ ಒಂದಿಡೀ ಹಗಲು, ಆಮೇಲೆ ಕೆಂಪು ಧೂಳಿನಲ್ಲಿ ಜೀಪು. ಕುರಿ ಸಾಕುವ ದೊಡ್ಡ ಜಮೀನೊಂದರ ನಡುವೆ ಒಣಗಿದ ಹಳ್ಳ. ಅದರ ಎರಡೂ ದಡದಲ್ಲಿ ಕಣ್ಣು ಹಾಯುವವರೆಗೆ ಮುಳ್ಳು. ನೋಡಿ ನನಗೆ ನಗುವೇ ಬಂತು. ಚಳ್ಳಕೆರೆ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದ ಅದೇ ಬಳ್ಳಾರಿ ಜಾಲಿ! ಆಂಟಿ ನಗಲಿಲ್ಲ. ತಾವು ಚಿಕ್ಕವರಿದ್ದಾಗ ಊರ ಕೆರೆಯಂಗಳದಲ್ಲಿ ಒಂದೆರಡು ಗಿಡ ಇದ್ದವೆಂದೂ, ಸೌದೆಗಾಯಿತು ಎಂದು ಎಲ್ಲರೂ ಸುಮ್ಮನಿದ್ದರೆಂದೂ, ಕೊನೆಗೆ ಕೆರೆಗೆ ಇಳಿಯಲು ಎಮ್ಮೆಗೂ ದಾರಿ ಉಳಿಯಲಿಲ್ಲವೆಂದೂ ಹೇಳಿದರು. ಇಲ್ಲಿಗೂ ಅದನ್ನು ಯಾರೋ ನೆರಳಿಗೆಂದು ತಂದು ನೆಟ್ಟಿದ್ದರಂತೆ.

ನಾವು ಆರು ಜನ. ಬೆಳಕು ಹರಿಯುವ ಮೊದಲೇ ಚಹಾ, ಮೊಣಕಾಲಿನವರೆಗೆ ದಪ್ಪ ಚರ್ಮದ ಪಟ್ಟಿ, ಕೈಗೆ ಗವಸು. ಆಂಟಿ ಬುಡಕ್ಕೆ ಗರಗಸ ಹಾಕುತ್ತಿದ್ದರು, ಮರ ಬಿದ್ದ ತಕ್ಷಣ ನಾನು ಮೋಟಿಗೆ ಡೀಸೆಲ್‌ನಲ್ಲಿ ಕಲಸಿದ ಔಷಧಿ ಬಳಿಯಬೇಕು. ತಡವಾದರೆ ಔಷಧಿ ಒಳಗಿಳಿಯದೆ ಮೋಟು ಮತ್ತೆ ಚಿಗುರುತ್ತದೆ. ಮೊದಲ ವಾರ ನನ್ನ ಕೈ ಹಿಂದೆ ಬೀಳುತ್ತಿತ್ತು. ಅವರು ಬೈಯುತ್ತಿರಲಿಲ್ಲ. ಅದೇ ಮೋಟನ್ನು ಇನ್ನೊಂದು ಬೆರಳಷ್ಟು ಕೆಳಗೆ ಮತ್ತೆ ಕೊಯ್ದು, ನನ್ನ ಕಡೆ ನೋಡಿ ಕಾಯುತ್ತಿದ್ದರು. ಆ ಕಾಯುವುದು ಬೈಗುಳಕ್ಕಿಂತ ಹೆಚ್ಚು ನಾಟುತ್ತಿತ್ತು. ಸಂಜೆ ಎಲ್ಲರೂ ಸುತ್ತ ಕೂತು ಇಕ್ಕಳದಿಂದ ಬೂಟಿನ ಮುಳ್ಳು ಕೀಳುತ್ತಿದ್ದೆವು. ಆಂಟಿ ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಕೆದಕುತ್ತಿದ್ದರು.

ನಾಲ್ಕನೇ ವಾರ ಒಂದು ಮುಳ್ಳು ಅವರ ಮೊಣಕಾಲಿನೊಳಗೆ ಹೋಗಿ ಮುರಿಯಿತು. ಮರುದಿನಕ್ಕೆ ಕಾಲು ಊದಿಕೊಂಡಿತು. ಎರಡು ಗಂಟೆ ದೂರದ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು, ಕಾಲೂರಬಾರದು, ಸಿಡ್ನಿಗೆ ಹೋಗಿ ಮಲಗಿ ಎಂದರು. ಅದೇ ಹೊತ್ತಿಗೆ ರೇಡಿಯೋದಲ್ಲಿ ಮಳೆಯ ಸುದ್ದಿ ಬಂತು. ಹಳ್ಳದ ಮೇಲ್ಭಾಗದಲ್ಲಿ ಮರಗಳೇನೋ ಬಿದ್ದಿದ್ದವು, ಕಾಯಿಗಳು ಮಾತ್ರ ನೆಲದ ತುಂಬ ಹಾಗೇ ಇದ್ದವು. ನೀರು ಹರಿದರೆ ಆ ಬೀಜವೆಲ್ಲ ಕೆಳಗಿನ ನದಿಗೆ. ವರ್ಷಗಳ ಕೆಲಸ ಹೋದಂತೆಯೇ. ಜಮೀನಿನ ಯಜಮಾನ ಬಂದು, ಆದಷ್ಟು ಆಯಿತು ಬಿಡಿ ಎಂದ. ತಂಡದ ಇಬ್ಬರು ಆಗಲೇ ಹೊರಡಲು ಚೀಲ ಕಟ್ಟಿದ್ದರು.

ಆಂಟಿ ಜೀಪಿನಿಂದ ಇಳಿದು, ನನ್ನ ಭುಜ ಹಿಡಿದು ಕುಂಟುತ್ತ ಹಳ್ಳಕ್ಕೆ ಬಂದರು. ಗೋಣಿಚೀಲ ಹಾಸಿಕೊಂಡು ನೆಲದ ಮೇಲೆ ಕೂತು ಕಾಯಿ ಆಯತೊಡಗಿದರು. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ.

"ಕಾಲು ಊರಬೇಡ ಅಂದ್ರು. ಕೂರಬೇಡ ಅನ್ಲಿಲ್ವಲ್ಲ," ಅಂದರು.

ಕೈಗೆ ಸಿಕ್ಕಷ್ಟು ಆಯ್ದು, ಚೀಲವನ್ನು ಮುಂದಕ್ಕೆಳೆದುಕೊಂಡು, ಸೊಂಟ ಊರಿ ಅದರ ಮೇಲೆ ಸರಿದು, ಮತ್ತೆ ಆಯುತ್ತಿದ್ದರು. ನೋವಾದಾಗ ತುಟಿ ಬಿಗಿಯುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ. ಚೀಲ ಕಟ್ಟಿದ್ದವರಲ್ಲಿ ಒಬ್ಬ ಬಂದು ಪಕ್ಕದಲ್ಲಿ ಕೂತು ಆಯತೊಡಗಿದ, ಸ್ವಲ್ಪ ಹೊತ್ತಿಗೆ ಇನ್ನೊಬ್ಬ. ಮೂರನೇ ದಿನ ಯಜಮಾನನೂ ಹೆಂಡತಿಯನ್ನು ಕರೆದುಕೊಂಡು ಬಂದ. ಆ ಸಂಜೆ ಜಮೀನಿನ ಬೇಲಿಯವರೆಗೆ ಆಯುವುದು ಮುಗಿಯಿತು. ಮಳೆ ಬಂದದ್ದು ಅದರ ಮಾರನೆಯ ಮಧ್ಯಾಹ್ನ. ಕೆಂಪು ನೀರು ನೊರೆ ಕಟ್ಟಿಕೊಂಡು ಹರಿದುಹೋಗುವುದನ್ನು ದಡದಲ್ಲಿ ನಿಂತು ನೋಡಿದೆವು. ಆಂಟಿ ನೀರನ್ನು ನೋಡುತ್ತಲೇ, "ಮಣ್ಣೊಳಗೆ ಇನ್ನೂ ಬೀಜ ಇರ್ತವೆ. ಮುಂದಿನ್ ವರ್ಷ ಸಸಿ ಕೀಳೋಕೆ ಬರ್ತೀಯ ತಾನೇ?" ಎಂದು ಕೇಳಿದರು. ಬಂದೇ ಬರುತ್ತೇನೆ ಎಂದೆ.

ಆ ಐದು ವಾರವೇ ನನ್ನ ಲೋಕಲ್ ಎಕ್ಸ್‌ಪೀರಿಯನ್ಸ್ ಆಯಿತು. ಆಂಟಿ ಬರೆದುಕೊಟ್ಟ ಒಂದು ಪುಟದ ಕಾಗದ ಹಿಡಿದು ಮೆಲ್ಬರ್ನ್‌ನಲ್ಲಿ ಮಣ್ಣು ಪರೀಕ್ಷೆಯ ಲ್ಯಾಬ್ ಸೇರಿದೆ. ಗಂಡನೂ ಇಲ್ಲಿಗೇ ಕೆಲಸ ಬದಲಾಯಿಸಿದರು. ಮರುವರ್ಷ ಆಂಟಿ ಫೋನ್ ಮಾಡಿದಾಗ ನಾನು ಬಸುರಿ. ಅದರ ಮುಂದಿನ ವರ್ಷ, ಮಗು ಚಿಕ್ಕದು ಆಂಟಿ, ಅಂದೆ. ಮೂರನೇ ಸಲ ಲೀವ್ ಇಲ್ಲ ಅಂದೆ. ಲೀವ್ ಇತ್ತು...

"ಪರವಾಗಿಲ್ಲಮ್ಮ, ನಾನ್ ಹೋಗ್ತೀನಲ್ಲ," ಅಂದರು. ಆಮೇಲೆ ಅವರ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ಕೆಲವು ವರ್ಷಗಳ ನಂತರ ಮೆಲ್ಬರ್ನ್‌ನ ಒಂದು ರಾಜ್ಯೋತ್ಸವದ ಊಟದಲ್ಲಿ, ಸಿಡ್ನಿಯಿಂದ ಬಂದವರೊಬ್ಬರು ಅವರು ತೀರಿಕೊಂಡು ಎರಡು ವರ್ಷವಾಯಿತೆಂದರು. ಕೊನೆಯ ವರ್ಷವೂ ಹಳ್ಳಕ್ಕೆ ಹೋಗಿದ್ದರಂತೆ. ಎಲೆಯ ಮುಂದಿನಿಂದ ಏಳಲೂ ಆಗದೆ ಉಣ್ಣಲೂ ಆಗದೆ ಕೂತಿದ್ದೆ.

ಈ ಸಲ, ಅಂಗೈ ವಾಸನೆ ಹೋದ ಮೇಲೂ ಮನಸ್ಸು ತಡೆಯದೆ ಆ ಜಮೀನಿನ ನಂಬರ್ ಹುಡುಕಿ ಫೋನ್ ಮಾಡಿದೆ. ಯಜಮಾನನ ಮಗಳು ಎತ್ತಿಕೊಂಡಳು. ಜಾಲಿ ಸಸಿ ಹುಡುಕುತ್ತ ಪ್ರತಿ ವರ್ಷ ಹಳ್ಳದುದ್ದಕ್ಕೂ ಈಗಲೂ ಜನ ನಡೆಯುತ್ತಾರಂತೆ, ಹೋದ ವರ್ಷ ಸಿಕ್ಕಿದ್ದು ಎರಡೇ ಸಸಿ. ನೀವು ಆಕೆಯ ತಂಡದವರಾ ಎಂದು ಕೇಳಿದಳು. ಒಂದು ವರ್ಷ ಮಾತ್ರ ಬಂದಿದ್ದೆ ಎಂದೆ.

ಈ ವರ್ಷದ ನಡಿಗೆಗೆ ನನ್ನ ಹೆಸರು ಬರೆದುಕೊಳ್ಳಲು ಹೇಳಿದ್ದೇನೆ. ಆಗಿನ ಆಂಟಿಗಿಂತ ಈಗ ನನಗೇ ವಯಸ್ಸು ಹೆಚ್ಚು. ಬರುತ್ತಿದ್ದೇನೆ ಎಂದು ಹೇಳಲು ಅವರಿಲ್ಲ.