ರೇಣುಕಾ ಸೇವ್ ಮಾಡಿದ್ದಳು

ರೇಣುಕಾ, ನಿನ್ನ ಕೆಲಸ ಅಳಿಸಿಹೋದದ್ದು ನಿನ್ನ ತಪ್ಪಿನಿಂದಲ್ಲ. ಅದನ್ನು ಕಳೆದವನು ನಾನು — ಕಳೆದು, ತಪ್ಪನ್ನು ನಿನ್ನ ಮೇಲೆ ಹೊರಿಸಿದವನೂ ನಾನೇ.

ಗದಗಿನಲ್ಲಿ ನೀನು ಓದುತ್ತಿದ್ದ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಆಗ ನನ್ನ ಕೈಯಲ್ಲಿತ್ತು. ವಿದ್ಯಾರ್ಥಿಗಳೆಲ್ಲ ಒಂದೇ ಸರ್ವರ್‌ಗೆ ಲಾಗಿನ್ ಆಗಿ, ಪರದೆಯ ಮೇಲೆ ತಮ್ಮ ತಮ್ಮ ನೋಟ್‌ಬುಕ್ ಪುಟ ತೆರೆದು, ಅದರಲ್ಲೇ ಕೋಡ್ ಬರೆದು ಲೆಕ್ಕ ಮಾಡುವ ವ್ಯವಸ್ಥೆಯನ್ನು ನಾನೊಬ್ಬನೇ ಸಿದ್ಧಪಡಿಸಿದ್ದೆ. ಹೆಮ್ಮೆಯಿತ್ತು. ಉಳಿದವರು ತಮ್ಮ ಲ್ಯಾಪ್‌ಟಾಪಿನಲ್ಲೂ ಒಂದು ಪ್ರತಿ ಇಟ್ಟುಕೊಳ್ಳುತ್ತಿದ್ದರು. ನಿನ್ನ ಬಳಿ ಲ್ಯಾಪ್‌ಟಾಪ್ ಇರಲಿಲ್ಲ. ಮುಂಡರಗಿ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬ ನಿನ್ನ ಅಧ್ಯಯನವೆಲ್ಲ ಸರ್ವರ್‌ನಲ್ಲೇ ಇತ್ತು. ಒಮ್ಮೆ ನೀನು ಪೆನ್ ಡ್ರೈವ್ ಹಿಡಿದು ಬಂದು, “ಸರ್, ಒಂದ್ ಕಾಪಿ ತಗೊಳ್ಲೇನ್ರಿ?” ಎಂದು ಕೇಳಿದ್ದೆ.

“ಯಾಕ ಬೇಕವಾ? ಇದರಾಗ ಬರದದ್ದು ಎಲ್ಲಿಗೂ ಹೋಗೂದಿಲ್ಲ” ಎಂದು ನಾನು ನಕ್ಕಿದ್ದೆ.

ಹೋಗುವಂತೆ ನಾನೇ ಮಾಡಿಟ್ಟಿದ್ದೆ. ಒಬ್ಬೊಬ್ಬರ ಫೋಲ್ಡರನ್ನೂ, ಸರ್ವರ್ ಹೊಸದಾದರೂ ಅಳಿಯದ ಶಾಶ್ವತ ಡಿಸ್ಕಿಗೆ ಜೋಡಿಸಬೇಕಿತ್ತು. ಮೊದಲು ಸರ್ವರ್ ಓಡಲಿ, ಆಮೇಲೆ ಜೋಡಿಸಿದರಾಯಿತು ಎಂದುಕೊಂಡವನು — ಜೋಡಿಸಲೇ ಇಲ್ಲ. ಅಪ್‌ಡೇಟ್ ಮಾಡಿದ ದಿನ ಹಳೆಯದೆಲ್ಲ ಅಳಿಸಿಹೋಯಿತು. ಬ್ಯಾಕಪ್ ಇರಲಿಲ್ಲ. ಉಳಿದವರು ಲ್ಯಾಪ್‌ಟಾಪಿನ ಪ್ರತಿಯಿಂದ ಮತ್ತೆ ಹಾಕಿಕೊಂಡರು; ನಿನ್ನದು ಮಾತ್ರ ಹೋಯಿತು. ಕಾರಣ ನನಗೆ ಕೂಡಲೇ ಗೊತ್ತಾಗಿತ್ತು.

ನಿನಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಮ್ ಲ್ಯಾಬಿಗೆ ಬಂದು, “ಏನಾತ್ರಿ?” ಎಂದರು. ನೀನು ಅವರ ಹಿಂದೆಯೇ ನಿಂತಿದ್ದೆ.

“ಆಕಿ ಸೇವ್ ಮಾಡಿಲ್ರಿ ಮೇಡಮ್” ಎಂದೆ.

“ಮಾಡೇನಿ ಅನಸ್ತೈತ್ರಿ...” ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದೆ. ಆ ಅಧ್ಯಯನ ಬೇರೊಬ್ಬರ ಪಾಲಾಯಿತು. ಸಂಶೋಧನೆಗೆ ಹೋಗಬೇಕೆಂದಿದ್ದ ನೀನು ಆಮೇಲೆ ಆ ಮಾತನ್ನೇ ಎತ್ತಲಿಲ್ಲ.

ಹೋದ ತಿಂಗಳು, ಲಕ್ಷ್ಮೇಶ್ವರದಲ್ಲಿ ನೀನು ಕಲಿಸುವ ಶಾಲೆಗೆ ನಾನು ಕಂಪ್ಯೂಟರ್ ಜೋಡಿಸಲು ಬಂದಿದ್ದೆ. ನೀನು ಚಹಾ ತರಿಸಿದೆ, ಮನೆಯವರನ್ನೆಲ್ಲ ವಿಚಾರಿಸಿದೆ. ಆಮೇಲೆ ಮಕ್ಕಳ ಕಡೆ ತಿರುಗಿ, “ಮರೀದ ಸೇವ್ ಮಾಡ್ರಿ. ನಾ ಮರ್ತು ಒಂದ್ ವರ್ಷದ ಕೆಲಸ ಕಳಕೊಂಡೇನಿ. ಬೇಕಾರ ಈ ಸರ್‌ನ ಕೇಳ್ರಿ” ಎಂದೆ.

ನನ್ನ ಸುಳ್ಳು ನಿನ್ನ ನೆನಪೇ ಆಗಿಬಿಟ್ಟಿತ್ತು. ಮಕ್ಕಳು ನನ್ನನ್ನೇ ನೋಡುತ್ತಿದ್ದರು. ನಾನು — ಹೌದೆಂದು ತಲೆಯಾಡಿಸಿದೆ.

ನಿನ್ನೆ ಮೇಡಮ್ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು “ಆಕಿಗೆ ಹೇಳೀರೇನು?” ಎಂದಷ್ಟೇ ಕೇಳಿದರು.

ಸೋಮವಾರ ನಿನ್ನ ಶಾಲೆಗೆ ಬರುತ್ತೇನೆ. ಮಕ್ಕಳೆದುರು ಹೇಳು ಎಂದರೆ ಅವರೆದುರೂ ಹೇಳುತ್ತೇನೆ. ನನ್ನ ಮುಖ ನೋಡುವುದೂ ಬೇಡ ಎಂದರೆ, ಗೇಟಿನಿಂದಲೇ ತಿರುಗಿ ಹೋಗುತ್ತೇನೆ.